ಕೋವಿಡ್ ನಿರ್ಬಂಧಗಳ ಲಾಭ-ನಷ್ಟ: ಕರ್ನಾಟಕವನ್ನೂ ಕೇರಳವನ್ನೂ ಹೋಲಿಸುವುದು ಹೇಗೆ?

ಪ್ರಶ್ನೆ: ಅರ್ಥಶಾಸ್ತ್ರ ಉಪನ್ಯಾಸಕಿ, ಪುತ್ತೂರು

ಎಲ್ಲರಿಗೂ ನಮಸ್ಕಾರ. ಸರ್ಕಾರದ ಒಂದು ನೀತಿಯಿಂದಾಗುವ ವೆಚ್ಚವನ್ನೂ ಪ್ರಯೋಜನವನ್ನೂ ತೂಗಿ ನೋಡುವ ಕ್ರಮವನ್ನು ಪದವಿ ವಿದ್ಯಾರ್ಥಿಗಳಿಗೆ ಹೇಳಿಕೊಡುವುದಕ್ಕಾಗಿ 2020ರಿಂದ 2022ರವರೆಗಿನ ಕೋವಿಡ್ ನಿರ್ಬಂಧಗಳನ್ನು ಉದಾಹರಣೆಯಾಗಿ ಎತ್ತಿಕೊಂಡಿದ್ದೇನೆ. ನಮ್ಮ ಊರು ದಕ್ಷಿಣ ಕನ್ನಡದಲ್ಲಿರುವುದರಿಂದ ಕರ್ನಾಟಕ ಮತ್ತು ಕೇರಳದ ಹೋಲಿಕೆ ತಾನಾಗಿಯೇ ಬಂತು. ತರಗತಿಯಲ್ಲಿ ಎರಡು ಪಕ್ಷಗಳಾದವು. 2021ರ ಮೇ 8ರಿಂದ ಜೂನ್ 16ರವರೆಗೆ ಪೂರ್ಣ ಲಾಕ್‌ಡೌನ್ ಮಾಡಿ, ಆಮೇಲೂ ವಾರಾಂತ್ಯದ ನಿರ್ಬಂಧವನ್ನು ತಿಂಗಳುಗಟ್ಟಲೆ ಎಳೆದ ಕೇರಳದಲ್ಲಿ ಆಗಸ್ಟ್ ಕೊನೆಯ ಹೊತ್ತಿಗೆ ದಿನಕ್ಕೆ 30 ಸಾವಿರ ದಾಟಿ ಹೊಸ ಪ್ರಕರಣಗಳು ವರದಿಯಾಗುತ್ತಿದ್ದವಲ್ಲ, ಹಾಗಾದರೆ ಆ ನಿರ್ಬಂಧಗಳೆಲ್ಲ ವ್ಯರ್ಥವಲ್ಲವೇ ಎಂಬುದು ಒಂದು ಪಕ್ಷದ ವಾದ. ಜುಲೈ ಮೊದಲ ವಾರದಲ್ಲೇ ಬಹುಪಾಲು ತೆರೆದುಕೊಂಡ ಕರ್ನಾಟಕ ಅದಕ್ಕೆ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ತೆತ್ತ ಬೆಲೆಯನ್ನು ಮರೆಯಬಾರದೆಂಬುದು ಇನ್ನೊಂದು ಪಕ್ಷದ ವಾದ.

ನನ್ನ ತೊಡಕು ಇಷ್ಟೇ. ಲಾಕ್‌ಡೌನ್ ದಿನಗಳನ್ನು ಒಂದು ಕಡೆ, ಪ್ರಕರಣಗಳ ಸಂಖ್ಯೆಯನ್ನು ಇನ್ನೊಂದು ಕಡೆ ಬರೆದು ಹೋಲಿಸಿದರೆ ಸರಿಯಾದ ಚಿತ್ರ ಸಿಗುವುದಿಲ್ಲವೆಂದು ಅನಿಸುತ್ತದೆ. ಆದರೆ ಅದರ ಬದಲಿಗೆ ಯಾವುದನ್ನು ಅಳೆಯಬೇಕು? ಜೀವ, ದುಡಿಮೆ, ಮಕ್ಕಳ ಓದು ಇವನ್ನೆಲ್ಲ ರೂಪಾಯಿಗೆ ಪರಿವರ್ತಿಸಿ ಒಂದೇ ಮೊತ್ತಕ್ಕೆ ತರುವ ಪದ್ಧತಿ ಪಠ್ಯಪುಸ್ತಕದಲ್ಲಿದೆ, ಅದು ಇಲ್ಲಿ ಹೊಂದುತ್ತದೆಯೇ? ಆರೋಗ್ಯ ಇಲಾಖೆ, ಶಾಲೆ, ವ್ಯಾಪಾರ ಮುಂತಾದ ಕ್ಷೇತ್ರಗಳ ಅನುಭವವಿರುವವರು ಉತ್ತರಿಸಿದರೆ ಉಪಕಾರವಾಗುತ್ತದೆ. ರಾಜಕೀಯ ಪಕ್ಷಗಳ ಸೋಲು-ಗೆಲುವಿನ ಚರ್ಚೆ ದಯವಿಟ್ಟು ಬೇಡ.

ಉತ್ತರ: ಅಂಕಿಅಂಶದವನು, ಬೆಂಗಳೂರು

ಮೇಡಂ, ಸಾರ್ವಜನಿಕ ಆರೋಗ್ಯದ ಅಂಕಿಅಂಶಗಳ ಕೆಲಸದಲ್ಲಿ ಇರುವವನಾದ್ದರಿಂದ ಮೊದಲು ಪ್ರಕರಣಗಳ ಸಂಖ್ಯೆಯ ವಿಷಯವನ್ನೇ ತೆಗೆದುಕೊಳ್ಳುತ್ತೇನೆ. ವರದಿಯಾದ ಪ್ರಕರಣಗಳು ಸೋಂಕಿನ ಅಳತೆಯಾಗಿರುವಷ್ಟೇ ಪರೀಕ್ಷೆಯ ಅಳತೆಯೂ ಹೌದು. 2021ರ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕನೆಯ ರಾಷ್ಟ್ರೀಯ ಸೆರೋ ಸಮೀಕ್ಷೆಯಲ್ಲಿ, ಅಂದರೆ ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡುವ ಸಮೀಕ್ಷೆಯಲ್ಲಿ, ಮಧ್ಯಪ್ರದೇಶದಲ್ಲಿ ಶೇ 79, ಕರ್ನಾಟಕದಲ್ಲಿ ಶೇ 69.8, ಕೇರಳದಲ್ಲಿ ಶೇ 44.4 ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದವು. ಇಡೀ ದೇಶದ ಸರಾಸರಿ ಶೇ 67.6 ಆಗಿತ್ತು. ಆ ವೇಳೆಗೆ ಲಸಿಕೆ ಪಡೆದವರೂ ಈ ಲೆಕ್ಕದೊಳಗೆ ಸೇರಿದ್ದಾರೆಂಬುದನ್ನು ಗಮನದಲ್ಲಿಟ್ಟುಕೊಂಡರೂ ಒಂದು ಮಾತು ಸ್ಪಷ್ಟ: ಎರಡನೆಯ ಅಲೆ ಇಳಿದಾಗ ಕರ್ನಾಟಕದಲ್ಲಿ ಸೋಂಕು ತಗಲಲು ಉಳಿದಿದ್ದವರಿಗಿಂತ ಕೇರಳದಲ್ಲಿ ಉಳಿದಿದ್ದವರ ಪಾಲು ಬಹಳ ದೊಡ್ಡದು. ಆಗಸ್ಟಿನಲ್ಲಿ ಅಲ್ಲಿ ಪ್ರಕರಣಗಳು ಏರಿದ್ದಕ್ಕೆ ಇದೇ ಮುಖ್ಯ ಕಾರಣ. ಓಣಂ ಹಬ್ಬದ ಓಡಾಟ ಅದಕ್ಕೆ ಸ್ವಲ್ಪ ಕೂಡಿಸಿರಬಹುದು.

ಆದ್ದರಿಂದ ನಿಮ್ಮ ವಿದ್ಯಾರ್ಥಿಗಳ ಮೊದಲ ಪಕ್ಷ ಕೇಳಬೇಕಾದ ಪ್ರಶ್ನೆ ಬೇರೆ. ಹೇಗೂ ಬರಲಿದ್ದ ಸೋಂಕನ್ನು ಮೇ ತಿಂಗಳಿನಿಂದ ಆಗಸ್ಟಿಗೆ ಮುಂದೂಡಿದ್ದರಿಂದ ಏನು ಸಿಕ್ಕಿತು? ದೇಶದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು, 60 ದಾಟಿದ ಸಾಮಾನ್ಯರಿಗೆ ಸಿಕ್ಕಿದ್ದು ಮಾರ್ಚ್ 1ರಿಂದ. ಮೇ ತಿಂಗಳಿನಲ್ಲಿ ಲಸಿಕೆಯಿಲ್ಲದೆ ಸೋಂಕು ತಗಲಿಸಿಕೊಂಡು, ಅದೂ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ದಿನಗಳಲ್ಲಿ ಕಾಯಿಲೆ ಬಿದ್ದ 65 ವರ್ಷದ ವ್ಯಕ್ತಿಗೂ, ಆಗಸ್ಟಿನಲ್ಲಿ ಒಂದು ಅಥವಾ ಎರಡು ಡೋಸ್ ಆದಮೇಲೆ, ಹಾಸಿಗೆಗಳು ಖಾಲಿಯಿರುವಾಗ ಕಾಯಿಲೆ ಬಿದ್ದ ಅದೇ ವಯಸ್ಸಿನ ವ್ಯಕ್ತಿಗೂ ಬದುಕುಳಿಯುವ ಸಾಧ್ಯತೆಯಲ್ಲಿ ಬಹಳ ಅಂತರವಿದೆ. ನಿರ್ಬಂಧದ ಪ್ರಯೋಜನವನ್ನು ಈ ಅಂತರದಲ್ಲಿ ಹುಡುಕಬೇಕೇ ಹೊರತು ಒಟ್ಟು ಎಷ್ಟು ಮಂದಿಗೆ ಸೋಂಕು ತಗಲಿತೆಂಬ ಲೆಕ್ಕದಲ್ಲಿ ಅಲ್ಲ.

ಸಾವಿನ ಸಂಖ್ಯೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕೇರಳದ ಜನಸಂಖ್ಯೆ 2011ರ ಜನಗಣತಿಯಂತೆ 3.34 ಕೋಟಿ, ಕರ್ನಾಟಕದ್ದು 6.11 ಕೋಟಿ, ಆದರೂ ಕೋವಿಡ್ ಸಾವುಗಳ ಅಧಿಕೃತ ಒಟ್ಟು ಲೆಕ್ಕದಲ್ಲಿ ಕೊನೆಗೆ ಕೇರಳವೇ ಮುಂದಿದೆ. ಇದನ್ನು ಕಂಡೊಡನೆ ತೀರ್ಪು ಕೊಡುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಅದೇ ಜನಗಣತಿಯ ಪ್ರಕಾರ 60 ದಾಟಿದವರು ಕೇರಳದಲ್ಲಿ ಶೇ 12.6ರಷ್ಟು, ಕರ್ನಾಟಕದಲ್ಲಿ ಶೇ 9.5ರಷ್ಟು; ಈ ಕಾಯಿಲೆ ಕೊಲ್ಲುವುದು ಹೆಚ್ಚಾಗಿ ವಯಸ್ಸಾದವರನ್ನು. ಎರಡನೆಯದಾಗಿ, ಮೃತರ ಕುಟುಂಬಗಳಿಗೆ 50,000 ರೂಪಾಯಿ ಪರಿಹಾರ ಕೊಡುವ ಸಂದರ್ಭದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದ ಮೇರೆಗೆ ಹಳೆಯ ಸಾವುಗಳನ್ನು ಮರುಪರಿಶೀಲಿಸಿದಾಗ ಕೇರಳ ತನ್ನ ಪಟ್ಟಿಗೆ ಸಾವಿರಾರು ಸಾವುಗಳನ್ನು ಸೇರಿಸಿಕೊಂಡಿತು. ಎಲ್ಲ ರಾಜ್ಯಗಳೂ ಅಷ್ಟೇ ಶ್ರದ್ಧೆಯಿಂದ ಸೇರಿಸಿಕೊಳ್ಳಲಿಲ್ಲ. ದೇಶದಲ್ಲಿ 2020 ಮತ್ತು 2021ರಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು, ಅಂದರೆ ಸಾಮಾನ್ಯ ವರ್ಷಗಳಲ್ಲಿ ನಿರೀಕ್ಷಿಸುವುದಕ್ಕಿಂತ ಅಷ್ಟು ಹೆಚ್ಚು ಮಂದಿ ಸತ್ತರೆಂದು, ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದಾಗ ಅಧಿಕೃತ ಲೆಕ್ಕ 5 ಲಕ್ಷದೊಳಗಿತ್ತು. ಆ ಅಂದಾಜನ್ನು ಕೇಂದ್ರ ಸರ್ಕಾರ ಒಪ್ಪಲಿಲ್ಲ. ಅದನ್ನು ಅರ್ಧಕ್ಕೆ ಇಳಿಸಿ ನೋಡಿದರೂ ಅಧಿಕೃತ ಅಂಕಿಗಳ ಮೇಲೆ ರಾಜ್ಯಗಳ ಹೋಲಿಕೆಯನ್ನು ಕಟ್ಟುವುದು ಸಾಧ್ಯವಿಲ್ಲವೆಂಬ ಮಾತು ಉಳಿಯುತ್ತದೆ. ಜನನ-ಮರಣ ನೋಂದಣಿಯ ಒಟ್ಟು ಸಾವುಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದೇ ಮೇಲು. ಕೇರಳದಲ್ಲಿ 2020ರ ನೋಂದಾಯಿತ ಸಾವುಗಳು 2019ಕ್ಕಿಂತ ಕಡಿಮೆಯಿದ್ದವು. 2021ರಲ್ಲಿ ಅಲ್ಲಿಯೂ ಬಹಳ ಏರಿದವು.

ಇನ್ನೊಂದು ಮಾತು. ಜನ ಮನೆಯಲ್ಲಿ ಉಳಿದದ್ದೆಲ್ಲ ಸರ್ಕಾರದ ಆದೇಶದಿಂದಲೇ ಅಲ್ಲ, ಭಯದಿಂದಲೂ ಹೌದು. 2020ರ ವಸಂತದಲ್ಲಿ ಕಡ್ಡಾಯ ಮುಚ್ಚುವಿಕೆ ಮಾಡಿದ ಡೆನ್ಮಾರ್ಕನ್ನೂ ಬಹುಮಟ್ಟಿಗೆ ತೆರೆದೇ ಇದ್ದ ಸ್ವೀಡನ್ನನ್ನೂ ಬ್ಯಾಂಕ್ ವಹಿವಾಟಿನ ದಾಖಲೆಗಳಿಂದ ಹೋಲಿಸಿದ ಒಂದು ಅಧ್ಯಯನದಲ್ಲಿ ಜನರ ಖರ್ಚು ಡೆನ್ಮಾರ್ಕಿನಲ್ಲಿ ಶೇ 29, ಸ್ವೀಡನ್ನಿನಲ್ಲಿ ಶೇ 25 ಕುಸಿದಿತ್ತು. ಅಂದರೆ ಆರ್ಥಿಕ ನಷ್ಟದ ದೊಡ್ಡ ಭಾಗ ರೋಗದ್ದು, ಸಣ್ಣ ಭಾಗ ಮಾತ್ರ ಆದೇಶದ್ದು. ದಿನಗೂಲಿ ಮಾಡುವವರೇ ಹೆಚ್ಚಿರುವ ನಮ್ಮಲ್ಲಿ, ಹೆದರಿದರೂ ಕೆಲಸಕ್ಕೆ ಹೋಗಲೇಬೇಕಾದವರು ಬಹಳವಿರುವುದರಿಂದ, ಆದೇಶದ ಪಾಲು ಅದಕ್ಕಿಂತ ದೊಡ್ಡದಾಗಿರಬೇಕೆಂಬುದು ನನ್ನ ಊಹೆ. ಆದರೆ ನಷ್ಟವೆಲ್ಲವನ್ನೂ ಲಾಕ್‌ಡೌನಿನ ಖಾತೆಗೆ ಬರೆಯುವುದು ತಪ್ಪಾಗುತ್ತದೆ.

ಉತ್ತರ: ಮಂಜೇಶ್ವರದವನು

ಅಂಕಿಅಂಶದವರು ಹೇಳಿದ್ದನ್ನೆಲ್ಲ ಒಪ್ಪಿಕೊಂಡು, ಅವರ ಲೆಕ್ಕದೊಳಗೆ ಬಾರದ ಒಂದು ನಿರ್ಬಂಧದ ಬಗ್ಗೆ ಬರೆಯುತ್ತೇನೆ. ನಮ್ಮ ಕಾಸರಗೋಡು ಜಿಲ್ಲೆಯ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು ಮತ್ತು ದೇರಳಕಟ್ಟೆ. ಕೇರಳದೊಳಗಿನ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಆಗ ಕಣ್ಣೂರು ಜಿಲ್ಲೆಯ ಪರಿಯಾರಂನಲ್ಲಿತ್ತು. ಡಯಾಲಿಸಿಸ್, ಹೃದಯದ ತೊಂದರೆ, ಹೆರಿಗೆಯ ತೊಡಕು, ಎಲ್ಲಕ್ಕೂ ನಾವು ರಾಜ್ಯದ ಗಡಿಯಲ್ಲಿರುವ ತಲಪಾಡಿಯನ್ನು ದಾಟಿಯೇ ಹೋಗುವವರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಹೆದ್ದಾರಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿಸಿದಾಗ ಆಂಬುಲೆನ್ಸುಗಳು ಕೂಡ ಗಡಿಯಿಂದ ಹಿಂದಿರುಗಬೇಕಾಯಿತು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರೆಂದು ಕೇರಳ ಸರ್ಕಾರವೇ ಹೇಳಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ತಡೆಯನ್ನು ತೆರವುಗೊಳಿಸಬೇಕೆಂದು ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ಏಪ್ರಿಲ್ 7ರಂದು ಕೇಂದ್ರ ತಿಳಿಸಿತು.

ಕರ್ನಾಟಕದ ಕಡೆಯ ವಾದವನ್ನೂ ನ್ಯಾಯವಾಗಿ ಹೇಳಬೇಕು. ಆ ವಾರಗಳಲ್ಲಿ ಕೇರಳದ ಅತಿ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆ ಕಾಸರಗೋಡೇ, ಮಂಗಳೂರಿನವರಿಗೆ ಹೆದರಿಕೆಯಾದದ್ದು ಸಹಜ. ಆದರೆ ಆ ಮೊದಲ ಹಂತದಲ್ಲಿ ಜಿಲ್ಲೆಯಲ್ಲಿ ಸೋಂಕು ತಗಲಿದ್ದ 170ಕ್ಕೂ ಹೆಚ್ಚು ಮಂದಿ ಎಲ್ಲರೂ ಗುಣಮುಖರಾಗಿ ಮನೆಗೆ ಹೋದರು. ಜಿಲ್ಲಾಡಳಿತ ಸೋಂಕಿತರ ಮನೆ, ಅದರ ಸುತ್ತಲಿನ ಪ್ರದೇಶ, ಇಡೀ ಊರು ಎಂದು ಮೂರು ಸುತ್ತಿನ ನಿರ್ಬಂಧ ಹಾಕಿ, ಮನೆಮನೆಗೆ ಸಾಮಾನು ಮುಟ್ಟಿಸಿ, ಸಂಪರ್ಕಿತರನ್ನು ಹುಡುಕಿ ತೆಗೆದದ್ದರಿಂದ ಹಾಗಾಯಿತು. ಕೋವಿಡ್‌ನಿಂದ ಒಬ್ಬರೂ ಸಾಯದ ಆ ವಾರಗಳಲ್ಲಿ ಗಡಿ ಮುಚ್ಚಿದ್ದರಿಂದ ಜನ ಸತ್ತರೆಂಬುದನ್ನು ನಿಮ್ಮ ವಿದ್ಯಾರ್ಥಿಗಳು ಯಾವ ಕಲಮಿನಲ್ಲಿ ಬರೆಯುತ್ತಾರೆ? ಪ್ರಯೋಜನವೆಲ್ಲ ಗಡಿಯ ಒಂದು ಬದಿಗೆ, ವೆಚ್ಚವೆಲ್ಲ ಇನ್ನೊಂದು ಬದಿಗೆ ಬಿದ್ದಾಗ, ಕರ್ನಾಟಕದ ಲೆಕ್ಕವನ್ನಷ್ಟೇ ನೋಡುವವರಿಗೆ ಆ ನಿರ್ಬಂಧ ಬಿಟ್ಟಿ ಸಿಕ್ಕಿದಂತೆ ಕಾಣುತ್ತದೆ.

2021ರಲ್ಲಿ ಮಣ್ಣಿನ ರಾಶಿ ಇರಲಿಲ್ಲ, ಅದರ ಜಾಗಕ್ಕೆ ಆರ್‌ಟಿ-ಪಿಸಿಆರ್ ವರದಿ ಬಂತು. ಫೆಬ್ರುವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಮತ್ತೊಮ್ಮೆ, ಕೇರಳದಿಂದ ಬರುವವರು 72 ಗಂಟೆಯೊಳಗಿನ ನೆಗೆಟಿವ್ ವರದಿ ತರಬೇಕೆಂದಾಯಿತು. ಆಗಸ್ಟಿನಲ್ಲಿ ಎರಡು ಡೋಸ್ ಲಸಿಕೆ ಪಡೆದವರಿಗೂ ವಿನಾಯಿತಿ ಇರಲಿಲ್ಲ. ದಿನವೂ ಮಂಗಳೂರಿಗೆ ಹೋಗಿ ಬರುವ ಕಾಲೇಜು ವಿದ್ಯಾರ್ಥಿಗಳು, ಅಂಗಡಿ ನೌಕರರು, ಕಟ್ಟಡ ಕೆಲಸದವರು ಇಲ್ಲಿ ಸಾವಿರಗಟ್ಟಲೆ ಇದ್ದಾರೆ. ಮೇಲಿನ ಸೆರೋ ಸಮೀಕ್ಷೆಯ ಅಂಕಿ ನಿಜವಾದರೆ, ಹತ್ತರಲ್ಲಿ ಏಳು ಮಂದಿಗೆ ಆಗಲೇ ಪ್ರತಿಕಾಯಗಳಿದ್ದ ರಾಜ್ಯ ತನ್ನನ್ನು ರಕ್ಷಿಸಿಕೊಳ್ಳಲೆಂದು ಈ ನಿಯಮ ಹಾಕಿತು ಎಂದಾಯಿತು. ಇದರಿಂದ ಮಂಗಳೂರಿನ ಆಸ್ಪತ್ರೆಗಳ ಮೇಲಿನ ಭಾರ ಎಷ್ಟು ತಗ್ಗಿತೋ ನನಗಂತೂ ಕಾಣಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಗಡಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 2021ರ ಆಗಸ್ಟಿನಲ್ಲಿ ಕೇರಳ ಮತ್ತು ಮಹಾರಾಷ್ಟ್ರದ ಗಡಿಗೆ ಹೊಂದಿದ ಎಂಟು ಜಿಲ್ಲೆಗಳಿಗೆ ಮಾತ್ರ ವಾರಾಂತ್ಯ ಕರ್ಫ್ಯೂ ಹಾಕಿದಾಗ ಅದರಲ್ಲಿ ನಮ್ಮ ಜಿಲ್ಲೆಯೂ ಇತ್ತು. ಅದೇ ತಿಂಗಳ 23ರಂದು 9ರಿಂದ 12ನೆಯ ತರಗತಿಯವರೆಗೆ ಶಾಲೆಗಳು ತೆರೆದಾಗಲೂ, ಪಾಸಿಟಿವಿಟಿ ದರ (ಪರೀಕ್ಷೆಗಳಲ್ಲಿ ಸೋಂಕು ಕಂಡುಬಂದವುಗಳ ಪಾಲು) ಶೇ 2ಕ್ಕಿಂತ ಹೆಚ್ಚಿದೆಯೆಂಬ ಕಾರಣಕ್ಕೆ ದಕ್ಷಿಣ ಕನ್ನಡ, ಉಡುಪಿ, ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳು ಹೊರಗುಳಿದವು. ಒಂದು ರಾಜ್ಯದೊಳಗೇ ಇಷ್ಟು ವ್ಯತ್ಯಾಸವಿರುವಾಗ ರಾಜ್ಯವನ್ನು ಹೋಲಿಕೆಯ ಘಟಕವಾಗಿ ಇಟ್ಟುಕೊಳ್ಳುವುದೇ ಸರಿಯಲ್ಲವೇನೋ. ಶಾಲೆಯ ವಿಷಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ಸರ್ಕಾರಿ ಶಾಲೆಯ ಶಿಕ್ಷಕ, ಯಾದಗಿರಿ ಜಿಲ್ಲೆ

ಮೇಡಂ ಕರೆದದ್ದರಿಂದ ಬರೆಯುತ್ತಿದ್ದೇನೆ. ಕರ್ನಾಟಕ ಹಾಕಿದ ಎಲ್ಲ ನಿರ್ಬಂಧಗಳಲ್ಲಿ ಅತಿ ದೀರ್ಘವಾದದ್ದು ಪ್ರಾಥಮಿಕ ಶಾಲೆಗಳ ಮೇಲಿನದು. 2020ರ ಮಾರ್ಚಿನಲ್ಲಿ ಮುಚ್ಚಿದ 1ರಿಂದ 5ನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಕೇರಳದಲ್ಲಿ ಅದು ನವೆಂಬರ್ 1, ಪಂಜಾಬಿನಲ್ಲಿ ಆಗಸ್ಟ್ 2. ಈ ಒಂದೂವರೆ ವರ್ಷಕ್ಕೂ ಮೀರಿದ ಅವಧಿಯಲ್ಲಿ ಹೋಟೆಲುಗಳು ತೆರೆದು ಮುಚ್ಚಿ ಮತ್ತೆ ತೆರೆದವು, ಚುನಾವಣೆಗಳು ನಡೆದವು, ಮದುವೆಗಳು ನಡೆದವು. ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗು ಮಾತ್ರ ತನ್ನ ಕೋಣೆಯನ್ನು ನೋಡದೆಯೇ ಎರಡನೆಯ ತರಗತಿಗೆ ತೇರ್ಗಡೆಯಾಯಿತು.

ಇದರಲ್ಲಿ ನನಗೆ ಅರ್ಥವಾಗದ ಒಂದು ವಿರೋಧವಿದೆ. 2020ರ ಜೂನ್ 25ರಿಂದ ಕರ್ನಾಟಕ ಸುಮಾರು 8.5 ಲಕ್ಷ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಡೆಸಿತು. ತೆಲಂಗಾಣ ಮತ್ತು ತಮಿಳುನಾಡು ಆ ಪರೀಕ್ಷೆಯನ್ನೇ ರದ್ದು ಮಾಡಿದ್ದವು. ಆಗ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಅವರ ಮೇಲೆ ಟೀಕೆ ಬಹಳ ಬಂತು. ಆದರೂ ಉಷ್ಣತೆ ನೋಡುವುದು, ಅಂತರ ಬಿಟ್ಟು ಕೂರಿಸುವುದು, ಬಸ್ಸಿನ ಏರ್ಪಾಟು ಎಲ್ಲವನ್ನೂ ಮಾಡಿ ಪರೀಕ್ಷೆ ಮುಗಿಸಿದರು. ಮರುವರ್ಷ ಜುಲೈ 19 ಮತ್ತು 22ರಂದು ಎರಡೇ ದಿನಗಳ ಬಹುಆಯ್ಕೆ ಮಾದರಿಯಲ್ಲಿ ಮತ್ತೆ ನಡೆಸಿದರು. ಅಷ್ಟು ದೊಡ್ಡ ಕೆಲಸವನ್ನು ಮಾಡುವ ಶಕ್ತಿ ಇಲಾಖೆಗೆ ಇತ್ತೆಂದಾದರೆ, 30-40 ಮಕ್ಕಳಿರುವ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯನ್ನು, ಅದೂ ಊರಿನಲ್ಲಿ ಪ್ರಕರಣಗಳೇ ಇಲ್ಲದ ತಿಂಗಳುಗಳಲ್ಲಿ, ತೆರೆಯಲಾಗದ್ದು ಏಕೆ? 2020ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಒಂದು ಒಳ್ಳೆಯ ನಡುದಾರಿಯಾಗಿತ್ತು. ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನ ಹೀಗೆ ಬಯಲಿನಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳುತ್ತಿದ್ದೆವು. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗಲಿದ ವರದಿಗಳು ಬಂದಾಗ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಶಿಕ್ಷಕರ ಸಾವುಗಳಾದದ್ದು ನಿಜ, ನಮ್ಮ ತಾಲ್ಲೂಕಿನಲ್ಲೂ ಆಗಿವೆ, ಅದನ್ನು ಹಗುರಾಗಿ ಕಾಣುತ್ತಿಲ್ಲ. ಆದರೆ ಗಾಳಿಯಾಡುವ ಬಯಲಿನ ಪಾಠವನ್ನೂ ಮುಚ್ಚಿದ ಕೋಣೆಯ ಪಾಠವನ್ನೂ ಒಂದೇ ಅಪಾಯವೆಂದು ಎಣಿಸಿದ್ದು ಸರಿಯಾಗಲಿಲ್ಲ.

ವೆಚ್ಚದ ಅಳತೆ ಬೇಕೆಂದರೆ, ಹಳ್ಳಿಯ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ ವರದಿಗಳನ್ನು ನೋಡಿ. ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು ದೇಶದ ಗ್ರಾಮೀಣ ಭಾಗದಲ್ಲಿ 2018ರಲ್ಲಿ ಶೇ 27.3 ಇದ್ದವರು 2022ರಲ್ಲಿ ಶೇ 20.5ಕ್ಕೆ ಇಳಿದರು. ಕರ್ನಾಟಕದಲ್ಲಿ ಮೊದಲೇ ಶೇ 19ರ ಆಸುಪಾಸಿನಲ್ಲಿದ್ದದ್ದು ಶೇ 10ಕ್ಕಿಂತ ಕೆಳಕ್ಕೆ ಹೋಯಿತು. ದೂರದರ್ಶನ ಚಂದನದಲ್ಲಿ ಸಂವೇದ ಪಾಠಗಳು ಬಂದವು. ಟಿವಿ ಇರುವ ಮನೆಯಲ್ಲಿ, ಕರೆಂಟು ಇರುವ ಹೊತ್ತಿನಲ್ಲಿ, ಪಕ್ಕದಲ್ಲಿ ಕುಳಿತು ವಿವರಿಸಬಲ್ಲ ದೊಡ್ಡವರಿದ್ದರೆ ಅವು ಉಪಯೋಗಕ್ಕೆ ಬಂದವು. ನಮ್ಮ ಕಡೆ ಈ ಮೂರೂ ಕೂಡಿದ ಮನೆಗಳು ಬೆರಳೆಣಿಕೆಯಷ್ಟು. ಬಿಸಿಯೂಟದ ಬದಲಿಗೆ ಧಾನ್ಯ ಕೊಟ್ಟರು, ಆದರೆ ಅದು ಇಡೀ ಮನೆಯ ಪಾತ್ರೆಗೆ ಬಿತ್ತು.

2020-21ರಲ್ಲಿ ಮೂರನೆಯ ತರಗತಿಯಲ್ಲಿದ್ದವರು ಎಸ್ಸೆಸ್ಸೆಲ್ಸಿ ಬರೆಯುವುದು 2028ರಲ್ಲಿ. ಹಾಗಾಗಿ ಈ ವೆಚ್ಚವನ್ನು ಯಾವ ವರ್ಷದ ಲೆಕ್ಕಕ್ಕೆ ಹಾಕಬೇಕೆಂಬುದನ್ನು ಅರ್ಥಶಾಸ್ತ್ರದವರೇ ಹೇಳಬೇಕು.

ಉತ್ತರ: ಬಟ್ಟೆ ವ್ಯಾಪಾರಿ, ದಾವಣಗೆರೆ

ವ್ಯಾಪಾರಿಗಳ ಕಡೆಯಿಂದ ಎರಡು ಮಾತು ಹೇಳಬೇಕು. ಜವಳಿ ವ್ಯಾಪಾರಕ್ಕೆ ಇಡೀ ವರ್ಷ ಒಂದೇ ಸಮನಾಗಿರುವುದಿಲ್ಲ. ಯುಗಾದಿಯಿಂದ ಮೇ ಕೊನೆಯವರೆಗಿನ ಮದುವೆಯ ಕಾಲದಲ್ಲಿ ಆದ ವ್ಯಾಪಾರವೇ ಉಳಿದ ತಿಂಗಳುಗಳ ಬಾಡಿಗೆಯನ್ನೂ ಸಂಬಳವನ್ನೂ ಹೊರುತ್ತದೆ. 2020ರಲ್ಲಿ ಲಾಕ್‌ಡೌನ್ ಆರಂಭವಾದದ್ದೇ ಯುಗಾದಿಯ ದಿನ, ಮಾರ್ಚ್ 25ರಂದು. 2021ರಲ್ಲಿ ಏಪ್ರಿಲ್ 27ರ ರಾತ್ರಿ ಮುಚ್ಚಿದ ಅಂಗಡಿಗಳು ಅಕ್ಷಯ ತೃತೀಯವನ್ನು ಕಳೆದು ಜೂನ್‌ವರೆಗೂ ಮುಚ್ಚಿಯೇ ಇದ್ದವು. ಜೂನ್ 14ರಂದು ಉಳಿದ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗ, ಸೋಂಕು ಹೆಚ್ಚಿದ್ದ ಹನ್ನೊಂದು ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದಾದ್ದರಿಂದ ನಮಗೆ ಮತ್ತೊಂದು ವಾರ ಕಾಯಬೇಕಾಯಿತು. ಮುಚ್ಚಿದ ದಿನಗಳನ್ನು ಎಣಿಸಿ ನಷ್ಟ ಲೆಕ್ಕ ಹಾಕುವವರಿಗೆ ಈ ಕಾಲದ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ಐವತ್ತು ದಿನಗಳನ್ನು ಆಷಾಢದಲ್ಲಿ ಮುಚ್ಚಿಸಿದ್ದರೆ ನಮ್ಮ ನಷ್ಟ ಕಾಲುಭಾಗವೂ ಆಗುತ್ತಿರಲಿಲ್ಲ. ರೋಗ ನಮ್ಮ ಪಂಚಾಂಗವನ್ನು ನೋಡಿ ಬರುವುದಿಲ್ಲವೆಂಬುದು ಗೊತ್ತು, ಆದರೂ ಲೆಕ್ಕದಲ್ಲಿ ಅದು ಸೇರಬೇಕು.

ಪರಿಹಾರದ ವಿಷಯ. 2020ರ ಮೇ 6ರಂದು ಪ್ರಕಟವಾದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಆಟೊ ಮತ್ತು ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಅಗಸರಿಗೆ ತಲಾ 5,000 ರೂಪಾಯಿ, ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಎಂದಿತ್ತು. 2021ರ ಮೇ 19ರ ಪ್ಯಾಕೇಜು 1,250 ಕೋಟಿಯದು. ಚಾಲಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000, ಹೂವಿಗೆ ಹೆಕ್ಟೇರಿಗೆ 10,000 ರೂಪಾಯಿ. ಎರಡನೆಯ ಅಲೆ ಮೊದಲಿನದಕ್ಕಿಂತ ಕ್ರೂರವಾಗಿತ್ತು, ಪರಿಹಾರ ಮಾತ್ರ ಮೊದಲಿಗಿಂತ ಸಣ್ಣದಾಯಿತು. 2020ರಲ್ಲಿ ರಿಸರ್ವ್ ಬ್ಯಾಂಕ್ ಆರು ತಿಂಗಳು ಸಾಲದ ಕಂತು ಮುಂದೂಡುವ ಅವಕಾಶ ಕೊಟ್ಟಿತ್ತು, ಬಡ್ಡಿ ಏರುತ್ತಿದ್ದರೂ ಉಸಿರಾಡಲು ಆಯಿತು. 2021ರಲ್ಲಿ ಆ ಥರದ ಸಾರ್ವತ್ರಿಕ ರಿಯಾಯಿತಿ ಇರಲಿಲ್ಲ. ನಮ್ಮಂಥ ಅಂಗಡಿಗಳಲ್ಲಿ ಸೀರೆ ಮಡಿಸುವ, ಬಿಲ್ಲು ಬರೆಯುವ ಹುಡುಗ ಹುಡುಗಿಯರು ಈ ಎರಡು ಪಟ್ಟಿಗಳಲ್ಲೂ ಇರಲಿಲ್ಲ. ಕೇರಳದಲ್ಲಿ ಪಡಿತರ ಚೀಟಿಯಿದ್ದ ಮನೆಗಳಿಗೆಲ್ಲ ದಿನಸಿ ಕಿಟ್ ಕೊಟ್ಟರೆಂದು ಕೇಳಿದ್ದೇವೆ. ಕಸುಬಿನ ಪಟ್ಟಿ ಮಾಡಿ ಹಣ ಕೊಡುವುದಕ್ಕಿಂತ ಅದು ಹೆಚ್ಚು ಮನೆಗಳನ್ನು ಮುಟ್ಟುವ ಕ್ರಮವೆಂದು ನನ್ನ ಅಭಿಪ್ರಾಯ.

ಕೊನೆಗೆ ಸಮಯದ ಮಿತಿ. ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಕಿರಾಣಿ, ತರಕಾರಿ ಎಂದಾಗ ಇಡೀ ದಿನಕ್ಕೆ ಹರಡಿಕೊಳ್ಳುತ್ತಿದ್ದ ಜನ ನಾಲ್ಕೇ ಗಂಟೆಯೊಳಗೆ ಮಾರುಕಟ್ಟೆಗೆ ನುಗ್ಗಿದರು. ವಾರದಲ್ಲಿ ಕೆಲವೇ ದಿನ ಅಂಗಡಿ ತೆರೆಯಬೇಕೆಂಬ ನಿಯಮದ ವಿರುದ್ಧ 2021ರ ಜುಲೈನಲ್ಲಿ ಕೇರಳದ ವ್ಯಾಪಾರಿಗಳೂ ಬೀದಿಗಿಳಿದದ್ದು ಇದೇ ಕಾರಣಕ್ಕೆ. ವ್ಯಾಪಾರವನ್ನೂ ಕೆಡಿಸಿ ಗುಂಪನ್ನೂ ಕೂಡಿಸುವ ನಿಯಮದಿಂದ ಯಾರಿಗೆ ಲಾಭ?

ಉತ್ತರ: ಅಂಕಿಅಂಶದವನು, ಬೆಂಗಳೂರು

ದಾವಣಗೆರೆಯ ಸರ್ ಹೇಳಿದ ಸಮಯಮಿತಿಯ ವಿಷಯವನ್ನು ಪೂರ್ತಿ ಒಪ್ಪುತ್ತೇನೆ. ರಾತ್ರಿ ಕರ್ಫ್ಯೂವನ್ನೂ ಅದೇ ಸಾಲಿಗೆ ಸೇರಿಸುತ್ತೇನೆ. 2020ರ ಡಿಸೆಂಬರ್ 23ರಂದು ಘೋಷಿಸಿದ ರಾತ್ರಿ ಕರ್ಫ್ಯೂವನ್ನು ಜಾರಿಯಾಗುವ ಮೊದಲೇ, ಮರುದಿನವೇ, ಕರ್ನಾಟಕ ಹಿಂದಕ್ಕೆ ಪಡೆದದ್ದು ನೆನಪಿರಬಹುದು. ಒಂದು ದಿನದೊಳಗೆ ಬಿಟ್ಟುಕೊಡಬಹುದಾಗಿದ್ದ ನಿಯಮದ ಹಿಂದೆ ಎಷ್ಟು ಗಟ್ಟಿಯಾದ ಲೆಕ್ಕವಿತ್ತೆಂದು ಕೇಳಬೇಕಾಗುತ್ತದೆ. 2022ರ ಜನವರಿಯಲ್ಲಿ ಓಮೈಕ್ರಾನ್ ಬಂದಾಗ ಹಾಕಿದ ವಾರಾಂತ್ಯ ಕರ್ಫ್ಯೂವನ್ನು, ಆಸ್ಪತ್ರೆ ಸೇರುವವರು ಕಡಿಮೆಯೆಂದು ಕಂಡಮೇಲೆ ಎರಡೇ ವಾರಗಳಲ್ಲಿ, ಜನವರಿ 21ರಂದು, ತೆಗೆದದ್ದು ಮಾತ್ರ ನನ್ನ ದೃಷ್ಟಿಯಲ್ಲಿ ಒಳ್ಳೆಯ ಆಡಳಿತ.

ಆದರೆ 2021ರ ಏಪ್ರಿಲ್ ಕೊನೆಯ ಮುಚ್ಚುವಿಕೆಯನ್ನು ಈ ಸಾಲಿಗೆ ಸೇರಿಸಲು ನಾನು ಸಿದ್ಧನಿಲ್ಲ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣಗಳು ವರದಿಯಾದವು. ಅದೇ ದಿನ ಕರ್ನಾಟಕ ಹೈಕೋರ್ಟ್ ರಾಜ್ಯದ ಆಮ್ಲಜನಕದ ಪಾಲನ್ನು ದಿನಕ್ಕೆ 965 ಟನ್ನಿನಿಂದ 1,200 ಟನ್ನಿಗೆ ಏರಿಸಬೇಕೆಂದು ಕೇಂದ್ರಕ್ಕೆ ಆದೇಶಿಸಿತು, ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯೆ ಪ್ರವೇಶಿಸಲು ನಿರಾಕರಿಸಿತು. ಅದಕ್ಕೆ ಎರಡು ದಿನ ಮೊದಲು, ಆಮ್ಲಜನಕದ ಕೊರತೆಯಿಂದ ಆಸ್ಪತ್ರೆಯಲ್ಲಿ ರೋಗಿಗಳು ಸತ್ತ ಚಾಮರಾಜನಗರದ ದುರಂತ ನಡೆದಿತ್ತು. ಆಮ್ಲಜನಕ ಮುಗಿದುಹೋಗುತ್ತಿರುವ ವಾರದಲ್ಲಿ ಹತ್ತು ಸಾವಿರ ಸೋಂಕುಗಳನ್ನು ತಪ್ಪಿಸಿದರೆ, ಅಥವಾ ಬರೀ ಮೂರು ವಾರ ಮುಂದೂಡಿದರೂ, ಉಳಿಯುವ ಜೀವಗಳೆಷ್ಟೋ, ಹಾಸಿಗೆಗಳು ಖಾಲಿಯಿರುವ ವಾರದಲ್ಲಿ ಅಷ್ಟೇ ಸೋಂಕುಗಳನ್ನು ತಪ್ಪಿಸಿದರೆ ಉಳಿಯುವುದು ಅದರ ಒಂದು ಸಣ್ಣ ಪಾಲು. ಜೂನ್ ಮಧ್ಯದ ಹೊತ್ತಿಗೆ ದಿನದ ಪ್ರಕರಣಗಳು 10 ಸಾವಿರಕ್ಕಿಂತ ಕೆಳಗಿಳಿದವು. ಇಳಿದದ್ದೆಲ್ಲ ಲಾಕ್‌ಡೌನಿನಿಂದಲೇ ಎಂದು ಹೇಳುವುದಿಲ್ಲ, ಅಷ್ಟು ಮಂದಿಗೆ ಸೋಂಕು ತಗಲಿಹೋದ ಮೇಲೆ ಅಲೆ ತಾನಾಗಿಯೂ ಇಳಿಯುತ್ತದೆ. ನನ್ನ ಆಕ್ಷೇಪವಿರುವುದು ಅದು ತಡವಾಯಿತೆಂಬುದಕ್ಕೆ. ಎರಡು ವಾರ ಮೊದಲು ಆರಂಭಿಸಿದ್ದರೆ ಪ್ರಾಯಶಃ ಎರಡು ವಾರ ಮೊದಲೇ ತೆರೆಯಬಹುದಿತ್ತು, ಜವಳಿಯವರಿಗೂ ಮದುವೆ ಕಾಲದ ಸ್ವಲ್ಪ ಭಾಗ ಉಳಿಯುತ್ತಿತ್ತು.

ಇದೇ ಕಾರಣಕ್ಕೆ, ಸಡಿಲಿಕೆಯ ಮಾನದಂಡಗಳನ್ನು ಹೋಲಿಸಿದಾಗ ನನಗೆ ಹೆಚ್ಚು ಸಮಂಜಸವೆನಿಸಿದ್ದು ಮಹಾರಾಷ್ಟ್ರದ್ದು. ಕೇರಳ 2021ರ ಜೂನ್‌ನಲ್ಲಿ ಪ್ರತಿ ಸ್ಥಳೀಯ ಸಂಸ್ಥೆಯನ್ನೂ ಪಾಸಿಟಿವಿಟಿ ದರದ ಮೇಲೆ ಶೇ 8, 20, 30 ಎಂಬ ಗಡಿಗಳಿಟ್ಟು ನಾಲ್ಕು ವರ್ಗ ಮಾಡಿತು. ಪಂಚಾಯಿತಿ ಮಟ್ಟಕ್ಕೆ ಇಳಿದದ್ದು ಒಳ್ಳೆಯದೇ, ಆದರೆ ಯಾರನ್ನು ಪರೀಕ್ಷಿಸುತ್ತೇವೆಂಬುದರ ಮೇಲೆ ಆ ದರವೇ ಬದಲಾಗುತ್ತದೆ. ಕೊನೆಗೆ ಆಗಸ್ಟಿನಲ್ಲಿ ಅವರೇ ಅದನ್ನು ಬಿಟ್ಟು, ವಾರದ ಪ್ರಕರಣಗಳನ್ನು ಜನಸಂಖ್ಯೆಗೆ ಹೋಲಿಸುವ ಅಳತೆಗೆ ಬಂದರು. ಮಹಾರಾಷ್ಟ್ರ ಜೂನ್ 7ರಿಂದ ಜಾರಿಗೆ ತಂದ ಐದು ಹಂತಗಳಲ್ಲಿ ಪಾಸಿಟಿವಿಟಿಯ ಜೊತೆಗೆ ಆಮ್ಲಜನಕ ಹಾಸಿಗೆಗಳು ಎಷ್ಟು ತುಂಬಿವೆಯೆಂಬುದನ್ನೂ ಸೇರಿಸಿತು. ನಿರ್ಬಂಧ ಯಾವುದನ್ನು ಕಾಪಾಡಲು ಇದೆಯೋ ಅದನ್ನೇ ಅಳೆಯುವ ಕ್ರಮ ಅದು.

ಮೇಡಂ ಕೇಳಿದ್ದ ರೂಪಾಯಿಯ ಪ್ರಶ್ನೆಗೆ: ಎಲ್ಲವನ್ನೂ ಒಂದೇ ಮೊತ್ತಕ್ಕೆ ತರಬೇಡಿ. ಹಾಗೆ ತಂದರೆ ಮಂಜೇಶ್ವರದವರು ಹೇಳಿದ ವೆಚ್ಚ, ಯಾದಗಿರಿಯ ಮೇಷ್ಟ್ರು ಹೇಳಿದ ವೆಚ್ಚ ಎರಡೂ ಬೇರೆಯವರ ಲಾಭದೊಳಗೆ ಕರಗಿ ಕಾಣದಂತಾಗುತ್ತವೆ. ಒಂದೊಂದು ನಿಯಮಕ್ಕೂ ಒಂದು ಸಾಲು ಮಾಡಿ, ಯಾರಿಗೆ ಎಷ್ಟು ತಗುಲಿತು, ಯಾರಿಗೆ ಏನು ಸಿಕ್ಕಿತು, ಆ ವಾರ ಆಸ್ಪತ್ರೆ ತುಂಬಿತ್ತೇ ಎಂದು ಬರೆಸಿ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ರಾಜ್ಯಗಳನ್ನು ಬಿಟ್ಟು, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳನ್ನು ಮಾತ್ರ ಇಟ್ಟುಕೊಂಡು ನಿಯಮಕ್ಕೊಂದು ಸಾಲಿನಂತೆ ಕೋಷ್ಟಕ ಮಾಡಲು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಮಳೆ, ಊಟ, ಮನೆಗಳ ರಚನೆ, ಗಲ್ಫಿನ ಸಂಪರ್ಕ ಎಲ್ಲವೂ ಹೆಚ್ಚುಕಡಿಮೆ ಒಂದೇ ಇರುವ ಎರಡು ಜಿಲ್ಲೆಗಳಲ್ಲಿ ಸರ್ಕಾರಗಳ ವ್ಯತ್ಯಾಸ ಸ್ವಲ್ಪ ನಿಚ್ಚಳವಾಗಿ ಕಂಡೀತು.

ಉತ್ತರ: ಮಂಜೇಶ್ವರದವನು

ಮೇಡಂ, ಎಲ್ಲವೂ ಒಂದೇ ಅಲ್ಲ. ಮಂಗಳೂರಿನಲ್ಲಿ ಹಲವು ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದೇ 2020ರ ಏಪ್ರಿಲಿನಲ್ಲಿ. ನಮ್ಮ ಜಿಲ್ಲೆಯ ಎಷ್ಟೋ ರೋಗಿಗಳು ಚಿಕಿತ್ಸೆ ಪಡೆದದ್ದೂ ತೀರಿಕೊಂಡದ್ದೂ ಮಂಗಳೂರಿನ ಆಸ್ಪತ್ರೆಗಳಲ್ಲಿ. ಸಾವು ಎಲ್ಲಿ ನೋಂದಣಿಯಾಗಿದೆ, ಸತ್ತವರು ಎಲ್ಲಿಯವರು ಎಂಬ ಎರಡನ್ನೂ ಬೇರೆ ಬೇರೆ ಕಲಮುಗಳಲ್ಲಿ ಬರೆಸದಿದ್ದರೆ ಆ ಕೋಷ್ಟಕ ಮೊದಲ ಸಾಲಿನಲ್ಲೇ ತಪ್ಪುತ್ತದೆ.